ನಲವತ್ತು ಆಂಪಿನ ಫ್ಯೂಸು

ಮಗಳು ಮೂರನೆಯ ಸಲ ಕೀಲಿ ತಿರುಗಿಸಿದಳು. ಕಾರು ಗುರ್ ಎನ್ನಲಿಲ್ಲ, ಕೆಮ್ಮಲಿಲ್ಲ, ಸ್ಟೀರಿಂಗ್ ಹಿಂದಿನ ಕೆಂಪು ದೀಪ ಕೂಡ ಹತ್ತಲಿಲ್ಲ. ಎದುರಿಗೆ ನಿಂತಿದ್ದ ಶವದ ವ್ಯಾನಿನ ಡ್ರೈವರ್ ಕೈಗಡಿಯಾರ ನೋಡಿಕೊಂಡ. ವ್ಯಾನಿನೊಳಗೆ ಅವಳ ಅಪ್ಪನನ್ನು ಮಲಗಿಸಿ ಆಗಲೇ ಕಾಲು ಗಂಟೆಯಾಗಿತ್ತು.

"ಅಮ್ಮ, ಬೇರೆ ಯಾರದಾದ್ರೂ ಗಾಡೀಲಿ ಹೋಗೋಣ ಬಾ," ಎಂದಳು.

ಗೇಟಿನ ಬಳಿ ಕುರ್ಚಿಯಲ್ಲಿ ಕೂತಿದ್ದ ಅಮ್ಮ ಅಲ್ಲಾಡಲಿಲ್ಲ. "ಅವರು ಆಸ್ಪತ್ರೆಗೆ ಹೋಗಿದ್ದು ಯಾರದೋ ಗಾಡಿ. ಮನೆಗೆ ಬಂದಿದ್ದೂ ಯಾರದೋ ಗಾಡಿ. ಈಗ ಹೊರಟಿರೋದೂ ಯಾರದೋ ಗಾಡೀಲೇ. ಅವರ ಕಾರಾದ್ರೂ ಅವರ ಹಿಂದೆ ಬರ್ಲಿ. ಇಲ್ಲಾಂದ್ರೆ ನಾನು ಬರಲ್ಲ."

ಅಮ್ಮ ಹಟ ಹಿಡಿಯುವವಳಲ್ಲ. ಹಿಡಿದರೆ ಬಿಡುವವಳೂ ಅಲ್ಲ. ಕಾರು ಹೊರಡದಿದ್ದರೆ ಅಪ್ಪನನ್ನು ಮಣ್ಣು ಮಾಡುವಾಗ ಅಮ್ಮ ಇರುವುದಿಲ್ಲ. ಸಾಲದ್ದಕ್ಕೆ ಆ ಕಾರಿನ ಬ್ಯಾಟರಿಯ ಪಕ್ಕದ ಫ್ಯೂಸ್ ಪೆಟ್ಟಿಗೆಯನ್ನು ಕೂರಿಸಿದವಳು ಮಗಳೇ. ಅಪ್ಪ ಅದನ್ನು ಚೆನ್ನಾಗಿದೆ ಎಂದೂ ಹೇಳಿರಲಿಲ್ಲ, ಕೆಟ್ಟದಾಗಿದೆ ಎಂದೂ ಹೇಳಿರಲಿಲ್ಲ.

ಬಾನೆಟ್ ಎತ್ತಿದಳು. ಮದುವೆ ಮನೆಯಾಗಲಿ ಸಾವಿನ ಮನೆಯಾಗಲಿ, ಬಾನೆಟ್ ಎತ್ತಿದ ಕಡೆ ಹತ್ತು ತಲೆ ಸೇರುವುದೇ. ಬಂದವರಲ್ಲಿ ಮುಕ್ಕಾಲು ಮಂದಿ ಅಪ್ಪನ ಶೆಡ್ಡಿದ್ದ ಬೀದಿಯವರು: ಟೈರಿನವನು, ಬ್ಯಾಟರಿಯವನು, ಪೇಂಟರ್, ಅಪ್ಪನ ಜೊತೆ ಒಂದೇ ಶೆಡ್ಡಿನಲ್ಲಿ ನಲವತ್ತು ವರ್ಷ ಕಳೆದ ಮೆಕ್ಯಾನಿಕ್. ಇಸ್ತ್ರಿ ಬಟ್ಟೆಯಲ್ಲಿ ಯಾರ ಗುರುತೂ ಸಿಗುವಂತಿರಲಿಲ್ಲ. ಎಂಜಿನ್ ಕಂಡ ಮೇಲೆ ಅವರವರ ಮುಖ ಅವರವರಿಗೆ ವಾಪಸು ಬಂತು.

"ಫ್ಯೂಸಪ್ಪನ ಕಾರೇ ಫ್ಯೂಸ್ ಹೋಗಿ ನಿಲ್ಲೋದಾ," ಎಂದ ಪೇಂಟರ್. ಒಂದಿಬ್ಬರು ನಕ್ಕು, ಅಮ್ಮ ಇದ್ದಾಳಲ್ಲ ಎಂದು ಹೆದರಿ ತಿರುಗಿ ನೋಡಿದರು. ಅಮ್ಮನೂ ನಗುತ್ತಿದ್ದಳು.

*

ಅಪ್ಪನಿಗೆ ಆ ಹೆಸರು ಸುಮ್ಮನೆ ಬಂದದ್ದಲ್ಲ. ಹಳೆಯ ಕಾರುಗಳಲ್ಲಿ ಬ್ಯಾಟರಿಯಿಂದ ಹೊರಡುವ ದಪ್ಪ ತಂತಿಗೆ ಗೇಣುದ್ದದ ಸಪೂರ ತಂತಿಯೊಂದನ್ನು ಸೇರಿಸಿರುತ್ತಾರೆ. ಎಲ್ಲಾದರೂ ತಗುಲಬಾರದ್ದು ತಗುಲಿ ಕರೆಂಟು ಮಿತಿಮೀರಿದರೆ, ಆ ಸಪೂರದ್ದು ಕರಗಿ ಉಳಿದ ಕಾರನ್ನು ಉಳಿಸುತ್ತದೆ. ಪುಸ್ತಕದಲ್ಲಿ ಅದು ಫ್ಯೂಸಿಬಲ್ ಲಿಂಕ್. ಬೀದಿಯಲ್ಲಿ ಬರೀ ಲಿಂಕು. ಅಪ್ಪನಿಗೆ ಅದನ್ನು ಕಂಡರೆ ಆಗುತ್ತಿರಲಿಲ್ಲ.

"ಇದು ಒಳಗೊಳಗೇ ಸಾಯುತ್ತೆ ನೋಡು," ಎಂದು ಮಗಳಿಗೆ ತೋರಿಸುತ್ತಿದ್ದ. "ಮೇಲೆ ಸಿಪ್ಪೆ ಗಟ್ಟಿಮುಟ್ಟಾಗೇ ಇರುತ್ತೆ, ಒಳಗೆ ತಂತಿ ಇರಲ್ಲ. ಇಡೀ ದಿನ ಹುಡುಕ್ತಾ ಕೂರು. ಫ್ಯೂಸ್ ಹಾಗಲ್ಲ, ಮರ್ಯಾದಸ್ಥ. ಹೋದ್ರೆ ಹೋದೆ ಅಂತ ಮುಖಕ್ಕೇ ಹೇಳುತ್ತೆ."

ಹಾಗಾಗಿ ಕೈಗೆ ಸಿಕ್ಕ ಕಾರಿನ ಲಿಂಕನ್ನೆಲ್ಲ ತೆಗೆದು ಫ್ಯೂಸ್ ಪೆಟ್ಟಿಗೆ ಕೂರಿಸಿದ. ಕೆಲಸ ಮುಗಿದ ಮೇಲೆ ಪ್ರತಿ ಜಾಯಿಂಟನ್ನೂ ಎರಡು ಬೆರಳಲ್ಲಿ ಹಿಡಿದು ಎಳೆಯುತ್ತಿದ್ದ. ಬೇರೆಯವರು ಹಾಕಿದ ಜಾಯಿಂಟಾದರೆ ಒಂದು ಸಲ ಎಳೆದು, ಮುಖ ಸಿಂಡರಿಸಿ, ಕಚಕ್ಕನೆ ಕತ್ತರಿಸಿ ಹೊಸದಾಗಿ ಹಾಕುತ್ತಿದ್ದ. ಮಗಳದ್ದಾದರೂ ಅಷ್ಟೇ. ಅವಳು ಬಸ್ ಡಿಪೋದಲ್ಲಿ ವೈರಿಂಗ್ ಕೆಲಸಕ್ಕೆ ಸೇರಿ ಹದಿನೈದು ವರ್ಷವಾದ ಮೇಲೂ, ರಜೆಯಲ್ಲಿ ಶೆಡ್ಡಿಗೆ ಬಂದು ಹಾಕಿದ ಜಾಯಿಂಟು ಅಪ್ಪನ ಕತ್ತರಿಗೇ ಹೋಗುತ್ತಿತ್ತು. ಫ್ಯೂಸ್ ಯಾಕೆ ಹೋಯಿತೆಂದು ಗೊತ್ತಾಗದೆ ಹೊಸದನ್ನು ಮುಟ್ಟಬಾರದು ಎನ್ನುವುದು ಅವನ ಇನ್ನೊಂದು ಕಟ್ಟಳೆ. ಮುಟ್ಟಿದವರಿಗೆ ಬೀಳುತ್ತಿದ್ದ ಬೈಗುಳ ಬೀದಿಯ ಕೊನೆಯವರೆಗೂ ಕೇಳಿಸುತ್ತಿತ್ತು.

ಊರ ಕಾರಿಗೆಲ್ಲ ಹೀಗೆ ಮಾಡಿದವನು ತನ್ನ ಕಾರಿನ ಲಿಂಕನ್ನು ಮಾತ್ರ ಹಾಗೇ ಬಿಟ್ಟಿದ್ದ. ದೀಪದ ಬುಡ ಕತ್ತಲೆ. ಕಳೆದ ವರ್ಷ ಅವನು ಆಸ್ಪತ್ರೆಯಲ್ಲಿದ್ದಾಗ ಮಗಳು ಎರಡು ಭಾನುವಾರ ಕೂತು, ನಾಲ್ಕು ಲಿಂಕು ತೆಗೆದು ನಾಲ್ಕು ಫ್ಯೂಸು ಹಾಕಿದಳು. ಅಪ್ಪ ಮನೆಗೆ ಬಂದವನೇ ಕೋಲೂರಿಕೊಂಡು ಕಾರಿನ ಬಳಿ ಹೋದ. ಮೆಕ್ಯಾನಿಕ್ ಬಾನೆಟ್ ಎತ್ತಿ ಹಿಡಿದ. ಅಡುಗೆಮನೆಯ ಕಿಟಕಿಯಿಂದ ಅವಳಿಗೆ ಕಂಡದ್ದು ಮೆಕ್ಯಾನಿಕ್‌ನ ಬೆನ್ನು ಮಾತ್ರ. ಅರ್ಧ ಗಂಟೆಯ ಮೇಲೆ ಅಪ್ಪ ಒಳಗೆ ಬಂದು, ಕೈ ತೊಳೆದು, "ಹಸಿವಾಗ್ತಿದೆ, ಬಡಿಸಿ" ಎಂದ. ಅಷ್ಟೇ. ಎಲ್ಲವನ್ನೂ ಕತ್ತರಿಸಿ ಮತ್ತೆ ಹಾಕಿರಬೇಕೆಂದು ಅವಳು ಮುನಿಸಿಕೊಂಡಳು. ಆ ಪೆಟ್ಟಿಗೆಯನ್ನು ಮತ್ತೆ ತೆರೆದು ನೋಡಲಿಲ್ಲ, ಅಪ್ಪನನ್ನು ಕೇಳಲೂ ಇಲ್ಲ. ಕೇಳಬೇಕಿತ್ತು.

*

ಪೆಟ್ಟಿಗೆಯ ಮುಚ್ಚಳ ತೆಗೆದಳು. ಮೂರನೆಯ ಫ್ಯೂಸು ಕಪ್ಪಗಾಗಿತ್ತು. ನಲವತ್ತು ಆಂಪಿನದು, ಎಂಜಿನ್ ಸ್ಟಾರ್ಟ್ ಆಗಲೂ ರೇಡಿಯೇಟರಿನ ಫ್ಯಾನ್ ತಿರುಗಲೂ ಅದರ ಮೂಲಕವೇ ಕರೆಂಟು ಹೋಗಬೇಕು. ಮುಚ್ಚಳದೊಳಗೆ ಅಂಥದ್ದು ಇನ್ನೊಂದೇ ಒಂದಿತ್ತು.

"ಇನ್ನೂ ಎಷ್ಟು ಹೊತ್ತೇ? ನಮ್ಮಣ್ಣ ಬಿಸಿಲಲ್ಲಿ ಮಲಗಿದಾನೆ," ಎಂದು ಅತ್ತೆ ಬೆನ್ನ ಹಿಂದೆ ನಿಂತಳು.

ಆತುರಗಾರನಿಗೆ ಬುದ್ಧಿ ಮಟ್ಟ. ಮಗಳು ಹಿಂದೆಮುಂದೆ ನೋಡದೆ ಹೊಸ ಫ್ಯೂಸನ್ನು ಒತ್ತಿದಳು. ಟಪ್ ಎಂದಿತು. ಇದ್ದ ಒಂದೂ ಹೋಯಿತು.

ಬೀದಿಯವರೆಲ್ಲ ನೆಲ ನೋಡಿದರು. ಈ ತಪ್ಪಿಗೆ ಫ್ಯೂಸಪ್ಪ ಏನೇನು ಬೈಯುತ್ತಿದ್ದನೆಂದು ಅವರಿಗೆ ಬಾಯಿಪಾಠ. ಇವತ್ತು ಬೈಯುವವನೇ ಇರಲಿಲ್ಲ. ಬೆಳಗಿನಿಂದ ಒಂದು ಹನಿ ಕಣ್ಣೀರು ಹಾಕದ ಮಗಳು ಆಗ ಬಿಕ್ಕಿ ಬಿಕ್ಕಿ ಅತ್ತಳು.

"ಒಂದು ತುಂಡು ತಂತಿ ಸುತ್ತಿ ಹೊರಡು ಮಗಾ," ಎಂದ ಮೆಕ್ಯಾನಿಕ್ ಮೆಲ್ಲಗೆ. "ಇಷ್ಟು ದೂರಕ್ಕೆ ಏನಾಗುತ್ತೆ?"

"ಬೇಡ ಮಾವ. ಅಪ್ಪನ ಕಾರಿಗೆ ಬರೀ ತಂತಿ ಸುತ್ತೋದಾ? ಎದ್ದು ಬರ್ತಾನೆ."

ಮೂಗೊರೆಸಿಕೊಂಡು ಬಟ್ಟೆಯ ತೋಳು ಮೇಲಕ್ಕೆ ಮಡಚಿದಳು. ಪೆಟ್ಟಿಗೆಯಿಂದ ಹೊರಟ ತಂತಿಯ ಮೇಲೆ ಬೆರಳಾಡಿಸುತ್ತಾ ಹೋದಳು. ಫ್ಯಾನಿನ ಹಿಂದೆ ಬೆರಳಿಗೆ ಬರೀ ತಾಮ್ರ ಸಿಕ್ಕಿತು. ಇಲಿ ಕಡಿದಿತ್ತು; ತಾಮ್ರ ಕಾರಿನ ಮೈಗೆ ತಗುಲಿ ನಿಂತಿತ್ತು.

ಮೆಕ್ಯಾನಿಕ್ ಕನ್ನಡಕ ಏರಿಸಿ ನೋಡಿದ. "ನಿನ್ನ ಫ್ಯೂಸ್ ಹೋಗಿದ್ದಕ್ಕೇ ಕಾರು ಉಳೀತು. ಇಲ್ಲಾಂದ್ರೆ ಈ ಮನೇಲಿ ಎರಡು ಸಾವು."

"ನನ್ನದೆಲ್ಲಿ ಬಂತು? ಜಾಯಿಂಟೆಲ್ಲ ಅಪ್ಪ ಆವತ್ತೇ ಕತ್ತರಿಸಿ ಹಾಕಿರ್ತಾನೆ," ಎಂದಳು ಟೇಪು ಸುತ್ತುತ್ತಾ.

"ಬಗ್ಗಿ ನೋಡಿ ಮಾತಾಡು."

ಬಗ್ಗಿ ನೋಡಿದಳು. ತಂತಿಯ ತುದಿಗಳಲ್ಲಿ ಅದುಮಿದ ಗುರುತು ಡಿಪೋದ ಇಕ್ಕಳದ್ದು. ನಾಲ್ಕು ಫ್ಯೂಸಿನ ಎಂಟಕ್ಕೆ ಎಂಟು ಜಾಯಿಂಟೂ ಅವಳವೇ.

"ಒಂದೊಂದನ್ನೂ ಎರಡೆರಡು ಸಲ ಎಳೆದ," ಎಂದ ಮೆಕ್ಯಾನಿಕ್. "ನಾನು ಕತ್ತರಿ ಹಿಡ್ಕೊಂಡು ನಿಂತಿದ್ದೆ, ಈಗ ಕೇಳ್ತಾನೆ, ಆಗ ಕೇಳ್ತಾನೆ ಅಂತ. 'ಮುಚ್ಚು' ಅಂದ. ನಲವತ್ತು ವರ್ಷದಲ್ಲಿ ನಂದು ಒಂದನ್ನೂ ಹಾಗೆ ಬಿಟ್ಟೋನಲ್ಲ ಪುಣ್ಯಾತ್ಮ. ಇನ್ನೇನು ಬೇಕಿತ್ತು ನಿಂಗೆ, ಸನ್ಮಾನ ಮಾಡ್ಬೇಕಿತ್ತಾ?"

"ನಂಗ್ಯಾಕೆ ಹೇಳ್ಲಿಲ್ಲ ಮಾವ?"

"ಅವನೇ ಹೇಳಿರ್ತಾನೆ ಅಂದ್ಕೊಂಡೆ."

ಅವಳಿಗೆ ನಗು ಬಂತು, ಅದರ ಹಿಂದೆಯೇ ಅಳು ಬಂತು. ಎರಡನ್ನೂ ನುಂಗಿಕೊಂಡು ಟೇಪಿನ ತುದಿಯನ್ನು ಹಲ್ಲಿನಿಂದ ಕಡಿದಳು.

ಇನ್ನು ಬೇಕಿದ್ದದ್ದು ಒಂದು ಫ್ಯೂಸು. ಅಷ್ಟು ಹೊತ್ತು ಗಡಿಯಾರ ನೋಡುತ್ತಿದ್ದ ವ್ಯಾನಿನ ಡ್ರೈವರ್ ಹೋಗಿ ತನ್ನ ಬಾನೆಟ್ ಎತ್ತಿ ಒಂದನ್ನು ಕಿತ್ತು ತಂದ. "ಎಸಿಯದ್ದು, ಇದೂ ನಲವತ್ತೇ. ತಗೊಳ್ಳಿ ಅಕ್ಕ. ಒಳಗಿರೋರಿಗೆ ಸೆಕೆ ಆಗಲ್ಲ." ಅಂದ ಮೇಲೆ ನಾಲಿಗೆ ಕಚ್ಚಿಕೊಂಡ.

"ಅವರಿಗೆ ಎಸಿ ಕಂಡ್ರೆ ಆಗ್ತಾನೂ ಇರ್ಲಿಲ್ಲ ಕಣಪ್ಪ," ಎಂದು ಅಮ್ಮ ಕುರ್ಚಿಯಿಂದ ಎದ್ದಳು.

ಕೀಲಿ ತಿರುಗಿಸಿದೊಡನೆ ಎಂಜಿನ್ ಸ್ಟಾರ್ಟ್ ಆಯಿತು. ಮೆಕ್ಯಾನಿಕ್ ಕಿಟಕಿಗೆ ಬಗ್ಗಿದ. "ಅಲ್ಲಿ ಹೋದ್ಮೇಲೂ ಆಫ್ ಮಾಡ್ಬೇಡ, ಹಳೇ ಬ್ಯಾಟರಿ, ಅಷ್ಟಕ್ಕಷ್ಟೇ. ಎಂಜಿನ್ ಬಿಸಿಯಾಗಿ ಫ್ಯಾನ್ ತಿರುಗಿದಾಗ ಗೊತ್ತಾಗುತ್ತೆ ನಿನ್ನ ಟೇಪಿನ ಹಣೆಬರಹ."

ದಾರಿಯುದ್ದಕ್ಕೂ ಅಮ್ಮ ಪಕ್ಕದಲ್ಲಿ ಕೂತು, "ಅವರು ಇಲ್ಲಿ ಗೇರ್ ಇಳಿಸ್ತಿದ್ರು," ಎನ್ನುತ್ತಿದ್ದಳು. ಮಗಳು ಇಳಿಸುತ್ತಿದ್ದಳು.

*

ಸ್ಮಶಾನದ ಗೇಟಿನ ಹೊರಗೆ ಕಾರು ಓಡುತ್ತಲೇ ನಿಂತಿತ್ತು. ಶವದ ಪೆಟ್ಟಿಗೆಯನ್ನು ಗುಂಡಿಗೆ ಇಳಿಸಿದರು. ಅತ್ತೆ ಅತ್ತಳು. ಹಿರಿಯರೊಬ್ಬರು ಸತ್ತವನ ಒಳ್ಳೆಯತನದ ಬಗ್ಗೆ ನಾಲ್ಕು ಮಾತಾಡಿದರು. ಬೀದಿಯವರು ತಲೆ ತಗ್ಗಿಸಿ ನಿಂತಿದ್ದರು. ಒಬ್ಬರ ಕಿವಿಯೂ ಆ ಮಾತಿನ ಮೇಲಿರಲಿಲ್ಲ. ಟೈರಿನವನು, ಪೇಂಟರ್, ಬ್ಯಾಟರಿಯವನು, ಮೆಕ್ಯಾನಿಕ್, ಎಲ್ಲರ ತಲೆಯೂ ಗೇಟಿನ ಕಡೆಗೆ ಒಂದಿಷ್ಟು ವಾಲಿತ್ತು.

ಅಮ್ಮ ಮೊದಲು ಮಣ್ಣು ಹಾಕಿದಳು. ಆಮೇಲೆ ಮಗಳ ಸರದಿ. ಒಂದು ಹಿಡಿ ತೆಗೆದುಕೊಂಡು ಗುಂಡಿಯ ಅಂಚಿಗೆ ಬಂದವಳು ಅಲ್ಲೇ ನಿಂತಳು.

"ಹಾಕಮ್ಮಾ," ಎಂದರು ಹಿರಿಯರು.

ಅವಳು ಹಾಕಲಿಲ್ಲ. ಬಿಸಿಲಿತ್ತು. ಎಂಜಿನ್ ಒಂದೇ ಸಮನೆ ಓಡುತ್ತಿತ್ತು. ಆಮೇಲೆ ಗೇಟಿನ ಕಡೆಯಿಂದ ಫ್ಯಾನ್ ಭರ್ರೆಂದು ತಿರುಗಿದ ಸದ್ದು ಬಂತು. ಎಂಜಿನ್ನಿನ ದನಿ ಒಂದು ಕ್ಷಣ ಕುಗ್ಗಿತು, ಮತ್ತೆ ಎತ್ತಿಕೊಂಡು ಓಡತೊಡಗಿತು.

ಗುಂಡಿಯ ಸುತ್ತ ನಿಂತವರೆಲ್ಲ ಒಟ್ಟಿಗೆ ಉಸಿರು ಬಿಟ್ಟರು. ಮಗಳು ಮುಷ್ಟಿ ಬಿಚ್ಚಿದಳು.