ಮೂರು ಸೆಕೆಂಡಿನ ದುಡಿಮೆ

ತೊಂಬತ್ತೊಂದು, ತೊಂಬತ್ತೊಂದು, ಇನ್ನೂ ತೊಂಬತ್ತೊಂದೇ — ಪರದೆಯ ಮೇಲೆ ಹಸಿರು ಗೆರೆ ತೆವಳುತ್ತಿದೆ, ತೆವಳುತ್ತದೆ, ಅದಕ್ಕೇನು, ಹೊರಗೆ ಬೆಂಚಿನ ಮೇಲೆ ಡ್ರೈವರುಗಳು ಯಾರಿಗೆ ಯಾವ ಬಸ್ಸು ಎಂಬ ದಿನದ ಪಟ್ಟಿಗೆ ಕಾದು ಕೂತಿರುವುದು ಅದಕ್ಕೆ ಗೊತ್ತೇ, ಬೆನ್ನ ಹಿಂದೆ ಮುಖ್ಯಸ್ಥರು ಕೈಗಡಿಯಾರ ಬಿಚ್ಚಿ ಅಂಗೈಯಲ್ಲಿಟ್ಟುಕೊಂಡಿರುವುದು ಗೊತ್ತೇ, ಓಟದ ಪಂದ್ಯದ ತೀರ್ಪುಗಾರರ ಹಾಗೆ, ಅದೂ ಸೋಲುವವರ ಹೆಸರನ್ನು ಮೊದಲೇ ಬರೆದಿಟ್ಟುಕೊಂಡು ಬಂದ ತೀರ್ಪುಗಾರರ ಹಾಗೆ — ಇಪ್ಪತ್ತು ನಿಮಿಷ ಅಮ್ಮಾ, ಒಂದು ಪಟ್ಟಿಗೆ ಇಪ್ಪತ್ತು ನಿಮಿಷ, ಯಂತ್ರವನ್ನೆಲ್ಲ ತಿಂದು ಹಾಕ್ತಿದೆ ನಿಮ್ಮ ಪ್ರೋಗ್ರಾಮು, ಹತ್ತು ಗಂಟೆಗೆ ಮೀಟಿಂಗು, ನಾನು ಏನಂತ ಹೇಳಲಿ. ಹೇಳುವುದು ಆಗಲೇ ತೀರ್ಮಾನವಾಗಿದೆ, ಅವಳು ಎಂಟು ವರ್ಷ ಸಾಕಿದ ಪ್ರೋಗ್ರಾಮು ಕಸಕ್ಕೆ, ಅವಳು ಕಳೆದುಹೋದ ಸಾಮಾನುಗಳ ಕೌಂಟರಿಗೆ, ಒಂಟಿ ಚಪ್ಪಲಿ, ಕೊಡೆ, ಟಿಫಿನ್ ಡಬ್ಬಿ, ಅವುಗಳ ನಡುವೆ ಅವಳೂ ಒಂದು ಸಾಮಾನು. ಕಿಟಕಿಗೆ ಮುಖ ಅಂಟಿಸಿದ್ದಾನೆ ಹಾರನ್ ಮಾಮ, ಎಲ್ಲರಿಗಿಂತ ಹಿರಿಯ ಡ್ರೈವರು, ಪಿಸುಗುಟ್ಟಿದರೂ ಮೂರು ಬೀದಿಗೆ ಕೇಳಿಸುವ ಗಂಟಲು — ಏನ್ ಮೇಡಂ, ನಿಮ್ಮ ಡಬ್ಬಿ ಇನ್ನೂ ಹಲ್ಲುಜ್ಜುತ್ತಾ ಇದೆಯಾ — ದಿನಾ ಇದೇ ಮಾತು, ದಿನಾ ಅದೇ ನಗು, ಅವಳೂ ನಗುತ್ತಿದ್ದಳು, ಈ ಎರಡು ವಾರದಿಂದ ನಗಲಾಗುತ್ತಿಲ್ಲ. ಎರಡು ವಾರ ಹೆಸರು ಜೋಡಿಸುವ ಲೆಕ್ಕವನ್ನು ಕುಯ್ದಳು, ಹೊಲಿದಳು, ಮತ್ತೆ ಕುಯ್ದಳು, ಗೋಡೆ ಗಡಿಯಾರ ನೋಡಿದಳು, ಒಂದು ನಿಮಿಷವೂ ಇಳಿಯಲಿಲ್ಲ, ಗಡಿಯಾರವನ್ನು ನಂಬಿದ್ದೇ ತಪ್ಪು, ಎಂಥ ಪೆದ್ದು, ಅದು ನಿನ್ನೆ ಹೊಳೆದದ್ದಾದರೂ ಚಿಕ್ಕಮ್ಮನಿಂದ, ಫೋನಿನಲ್ಲಿ, ಕಚೇರಿಯಲ್ಲಿ ಒಂದು ಸಹಿಗೆ ಕಾದು ಇಡೀ ದಿನ ಹೋಯ್ತು ಕಣೇ, ಅಲ್ಲ ಚಿಕ್ಕಮ್ಮ, ಸಹಿ ಹಾಕೋಕೆ ಎಷ್ಟು ಹೊತ್ತು ಹಿಡೀತು, ಹಾಕೋಕಾ, ಪೆನ್ನು ಸಿಕ್ಕಿದ ಮೇಲೆ ಎರಡು ಸೆಕೆಂಡು — ಅಲ್ಲಿಗೆ ಅವಳ ಕೈಯಲ್ಲಿದ್ದ ಸೌಟು ನಿಂತಿತು. ಕಾದ ಹೊತ್ತು ಬೇರೆ, ದುಡಿದ ಹೊತ್ತು ಬೇರೆ. ಪ್ರೊಸೆಸರು ಈ ಪ್ರೋಗ್ರಾಮಿಗಾಗಿ ನಿಜಕ್ಕೂ ದುಡಿದದ್ದು ಎಷ್ಟು ಹೊತ್ತು ಅಂತ ಕೇಳಿದರೆ ಯಂತ್ರವೇ ಹೇಳುತ್ತದೆ, ಕೇಳುವುದಕ್ಕೊಂದು ಪುಟ್ಟ ಆಜ್ಞೆಯಿದೆ, ಎಂಟು ವರ್ಷದಲ್ಲಿ ಕೇಳಿಯೇ ಇರಲಿಲ್ಲ, ಇವತ್ತು ಕೇಳಿದ್ದಾಳೆ — ತೊಂಬತ್ತೊಂಬತ್ತು, ನೂರು, ಬಂತು, ಮೂರು ಸಾಲು: ಗಡಿಯಾರದ ಹೊತ್ತು ಇಪ್ಪತ್ತು ನಿಮಿಷ ನಾಲ್ಕು ಸೆಕೆಂಡು, ಪ್ರೋಗ್ರಾಮಿನ ಸ್ವಂತ ದುಡಿಮೆ ಎರಡೂ ಮುಕ್ಕಾಲು ಸೆಕೆಂಡು, ಅದರ ಪರವಾಗಿ ಯಂತ್ರ ಓಡಾಡಿದ್ದು ಕಾಲು ಸೆಕೆಂಡು. ಮೂರು. ಎಲ್ಲ ಸೇರಿ ಮೂರು ಸೆಕೆಂಡು. ತಿಂದು ಹಾಕಿದ್ದಂತೆ, ತುತ್ತೂ ಮುಟ್ಟಿಲ್ಲ ಪಾಪ, ಹಾಗಾದರೆ ಉಳಿದ ಇಪ್ಪತ್ತು ನಿಮಿಷ ಏನು ಮಾಡುತ್ತಿತ್ತು, ನಿದ್ದೆ, ಯಾರು ಮಲಗಿಸಿದ್ದು, ಹುಡುಕು, ಬೆರಳು ಓಡುತ್ತಿದೆ, ಹೆಸರು, ಬಸ್ಸು, ಪಾಳಿ, ಗೆರೆ ಎಳೆಯುವ ಭಾಗ — ಇಲ್ಲಿದೆ, ಒಂದೊಂದು ಹೆಸರಿಗೂ ಸೆಕೆಂಡಿನ ಹತ್ತರಲ್ಲೊಂದು ಪಾಲು ಸುಮ್ಮನಿರು ಎಂಬ ಸಾಲು, ಪಕ್ಕದಲ್ಲಿ ಅವಳದೇ ಟಿಪ್ಪಣಿ, ತಾರೀಖು ಸಮೇತ: ಸಾಹೇಬರು ಹೇಳಿದ ಮೇರೆಗೆ. ಅಯ್ಯೋ. ನೆನಪಾಯಿತು, ಆಗ ಇದ್ದದ್ದು ಒಂದೇ ಡಿಪೋ, ನಲವತ್ತು ಹೆಸರು, ಕೀಲಿ ಒತ್ತಿದರೆ ಪಟ್ಟಿ ಸಿದ್ಧ, ಇದೇ ಸಾಹೇಬರು, ಆಗ ಸೂಪರ್‌ವೈಸರು, ತಲೆ ತುಂಬ ಕೂದಲು, ಮೇಲಿನವರು ನೋಡೋಕೆ ಬರ್ತಾರಮ್ಮ, ಇಷ್ಟು ಬೇಗ ಮುಗಿದ್ರೆ ಯಾರು ನಂಬ್ತಾರೆ, ಒಂದು ಗೆರೆ ಓಡಿಸಿ, ಸ್ವಲ್ಪ ತಿಣುಕಲಿ — ಅವಳು ನಾಲ್ಕು ಸೆಕೆಂಡು ತಿಣುಕಿಸಿದಳು, ಚಪ್ಪಾಳೆ ಬಿತ್ತು, ಅವರಿಗೆ ಬಡ್ತಿ ಬಂತು, ಇವಳು ಮರೆತಳು, ನಲವತ್ತು ಹೆಸರು ಹನ್ನೆರಡು ಸಾವಿರವಾಯಿತು, ಬಡಪಾಯಿ ಪ್ರೋಗ್ರಾಮು ಮಾತ್ರ ಮರೆಯದೆ ಪ್ರತಿ ಹೆಸರಿಗೂ ನಿಷ್ಠೆಯಿಂದ ತಿಣುಕುತ್ತಲೇ ಬಂತು. ಮುಖ್ಯಸ್ಥರು ಬಗ್ಗಿ ಓದುತ್ತಿದ್ದಾರೆ, ಅವರ ಉಸಿರು ಅವಳ ಕಿವಿಗೆ, ಟಿಪ್ಪಣಿ ಓದಿದರು, ತಾರೀಖು ಓದಿದರು, ಮತ್ತೆ ಟಿಪ್ಪಣಿ — ಈ ಸಾಹೇಬ್ರು ಅಂದ್ರೆ... ನಾನಾ? ಹೌದು ಸರ್, ಬರೆದವಳು ನಾನು. ಅಷ್ಟೇ ಅಂದಳು, ಇನ್ನೊಂದು ಮಾತು ನಾಲಿಗೆಯ ತುದಿಗೆ ಬಂದಿತ್ತು, ಚೆಂದದ ಮಾತು, ನುಂಗಿದಳು, ಗೆದ್ದವರಿಗೆ ಹಸಿವು ಕಡಿಮೆ. ಆ ಸಾಲನ್ನಷ್ಟೇ ಅಳಿಸಿದಳು, ಟಿಪ್ಪಣಿಯನ್ನಲ್ಲ, ಪಟ್ಟಿ ಮತ್ತೆ ಓಡಲಿ ಎಂದು ಕೀಲಿ ಒತ್ತಿದಳು, ಕಿಟಕಿಯಾಚೆ ಹಾರನ್ ಮಾಮ, ಮೇಡಂ ಮತ್ತೆ ಶುರು ಹಚ್ಚಿದ್ರು ಕಣ್ರಪ್ಪೋ, ಇನ್ನೊಂದು ಸುತ್ತು ಚಹಾ ಆಗ್ಲಿ, ಅಂತ ನಿರಾಳವಾಗಿ ಲೋಟ ಎತ್ತಿದ, ಅದು ತುಟಿಗೆ ತಲುಪುವ ಮುಂಚೆ ಪ್ರಿಂಟರು ಗುರ್ರೆಂದಿತು, ಮೊದಲ ಹಾಳೆ ಬಿತ್ತು, ಎರಡನೆಯದು, ಮೂರನೆಯದು, ಲೋಟ ಅಲ್ಲೇ ನಿಂತಿದೆ, ಮುಖ್ಯಸ್ಥರು ಏನೋ ಹೇಳುತ್ತಿದ್ದಾರೆ, ಮೀಟಿಂಗಿಗೆ ನೀವೇ ಬನ್ನಿ ಅಮ್ಮಾ, ನೀವೇ ತೋರಿಸಿ, ಆ ಟಿಪ್ಪಣಿ ಮಾತ್ರ — ಕೇಳಿಸುತ್ತಿಲ್ಲ, ಆಮೇಲೆ ಕೇಳಿದರಾಯಿತು, ಡ್ರೈವರುಗಳು ಬೆಂಚು ಬಿಟ್ಟು ಎದ್ದರು, ಲೋಟ ಹಾಗೇ ಇದೆ, ಮೂರು ಬೀದಿಗೆ ಕೇಳಿಸುವ ಆ ಗಂಟಲಿನಿಂದ ಒಂದು ಅಕ್ಷರ ಹೊರಡುತ್ತಿಲ್ಲ, ಅವಳು ನೋಡುತ್ತಿದ್ದಾಳೆ, ಲೋಟ, ಬಾಯಿ, ನಡುವೆ ನಾಲ್ಕು ಬೆರಳು ಜಾಗ, ಲೋಟ ಹಾಗೇ —