ಬಸವರಾಜಪ್ಪನವರ ಎಡಗೈ

ಮೂಡಿಗೆರೆ ಪೇಟೆಯಲ್ಲಿ ಗೊಬ್ಬರದಂಗಡಿ ಇಟ್ಟಿದ್ದ ಬಸವರಾಜಪ್ಪನವರಿಗೆ ಲಕ್ವ ಹೊಡೆದ ಮೇಲೆ ಎಡಗೈ ಮುಷ್ಟಿ ಕಟ್ಟಿಕೊಂಡೇ ಇತ್ತು. ಇಷ್ಟಲಿಂಗವನ್ನು ಇಟ್ಟು ಪೂಜಿಸಬೇಕಾದದ್ದು ಅದೇ ಅಂಗೈಯಲ್ಲಿ. ದಿನಾ ಬೆಳಗ್ಗೆ ಹೆಂಡತಿ ವಿಶಾಲಾಕ್ಷಮ್ಮ ಎಣ್ಣೆ ಸವರಿ, ಮಣಿಕಟ್ಟನ್ನು ಒಳಕ್ಕೆ ಬಗ್ಗಿಸಿ, ಒಂದೊಂದೇ ಬೆರಳು ಬಿಡಿಸುವರು. ಲಿಂಗವಿಟ್ಟು, ಕೆಳಗಿನಿಂದ ತಮ್ಮ ಕೈ ಆನಿಸಿ ಹಿಡಿಯುವರು.

"ಇದು ಯಾರ ಪೂಜೆ, ನಿಂದೋ ನಂದೋ?" ಎಂದು ಬಸವರಾಜಪ್ಪನವರು ತೊದಲುತ್ತ ನಗುತ್ತಿದ್ದರು.

"ಸುಮ್ನೆ ಕೂತ್ಕೊಳ್ಳಿ. ವಿಭೂತಿ ಬಾಯಿಗೆ ಹೋಗುತ್ತೆ."

ಕಾಫಿ ಕೊಯ್ಲು ಶುರುವಾದ ವಾರ ಅವರು ಲಿಂಗೈಕ್ಯರಾದರು.

ಹಜಾರದಲ್ಲಿ ದೇಹವನ್ನು ಕೂರಿಸಿ ಹೂ ಹಾಕಿದ್ದರು. ಗಂಡನ ಅಕ್ಕ ಕಲ್ಲಮ್ಮ ವಿಶಾಲಾಕ್ಷಮ್ಮನ ಪಕ್ಕಕ್ಕೆ ಬಂದು ಕುಳಿತರು. "ವಿಶಾಲಿ, ಅವನನ್ನ ಎತ್ತಿದ ಮೇಲೆ ಬಳೆ ಒಡೀಬೇಕು. ಇಲ್ಲಿಂದ ಏಳ್ಬೇಡ. ನಂಗೂ ಹಿಂಗೇ ಮಾಡಿದ್ರು."

"ನಾನು ಮಣ್ಣಿಗೆ ಬರ್ತೀನಿ ಅಕ್ಕಾ. ಅಂಗೈಗೆ ಲಿಂಗ ಇಟ್ಟು ಮಣ್ಣು ಮಾಡ್ಬೇಕಲ್ಲ, ಆ ಕೈ ಬೇರೆಯವ್ರಿಗೆ ಬಗ್ಗಲ್ಲ."

ಮೈದುನ ಲಿಂಗಪ್ಪ ಅಣ್ಣನ ಲಿಂಗವನ್ನು ಬಟ್ಟೆಯಲ್ಲಿ ಸುತ್ತಿಕೊಳ್ಳುತ್ತಿದ್ದ. "ಹೆಂಗಸ್ರು ಅಲ್ಲಿಗೆ ಬರೋ ಪದ್ಧತಿ ಇಲ್ಲ ಅತ್ತಿಗೆ. ನಂಗೇನು ನಿಮ್ಮ ಮೇಲೆ ಸಿಟ್ಟಾ? ನಾಳೆ ಧನ್ಯಾಗೆ ಗಂಡು ನೋಡ್ಬೇಕು. ಜನ ಆಡ್ಕೋತಾರೆ."

"ಆಡ್ಕೊಳ್ಳಲಿ ಚಿಕ್ಕಪ್ಪ. ಅಮ್ಮ ಬರ್ಲಿ" ಎಂದಳು ಮಗಳು ಧನ್ಯಾ. ಯಾರೂ ಕೇಳಿಸಿಕೊಳ್ಳಲಿಲ್ಲ.

ಗಂಡಸರು ದೇಹ ಹೊತ್ತು ಹೊರಟರು. ವಿಶಾಲಾಕ್ಷಮ್ಮ ಎದ್ದು, ಮಗಳ ಕೈ ಹಿಡಿದು ಹಿಂದೆಯೇ ನಡೆದರು. ಸ್ಮಶಾನದ ಬೇಲಿಯ ಹತ್ತಿರ ಕಾಲು ತಡೆಯಿತು. ಅಲ್ಲಿಂದ ನೋಡುತ್ತಿದ್ದಂತೆ ದೇಹವನ್ನು ಗುಂಡಿಯೊಳಗೆ ಕೂರಿಸಿದರು. ಲಿಂಗವನ್ನು ಅಂಗೈಗೆ ಇಟ್ಟರೆ ಮಣ್ಣು ಮುಚ್ಚುವುದಷ್ಟೇ ಉಳಿದಿತ್ತು.

"ಮುಷ್ಟಿ ಬಿಡ್ತಿಲ್ಲ ಮಾರಾಯ" ಎಂದ ಗುಂಡಿಗೆ ಇಳಿದಿದ್ದವನೊಬ್ಬ.

"ಜೋರಾಗಿ ಎಳಿ ಮತ್ತೆ!"

ಲಟಕ್ಕನೆ ಒಂದು ಸದ್ದಾಯಿತು. ಬೆರಳು ಮುರಿದ ಸದ್ದು. ವಿಶಾಲಾಕ್ಷಮ್ಮ ಬೇಲಿ ದಾಟಿದರು.

ಪೂಜೆಗೆ ನಿಂತಿದ್ದ ಅಯ್ಯನವರು ಕೈ ಅಡ್ಡ ಹಿಡಿದರು. "ತಾಯಿ, ನೀವು ಇಳೀಬಾರ್ದು. ಹಿಂದಿನಿಂದ್ಲೂ ನಡ್ಕೊಂಡು ಬಂದಿರೋ ಪದ್ಧತಿ ಇದು. ನಾನು ಮುರಿಯೋಕಾಗಲ್ಲ."

"ನಂಗೆ ಲಿಂಗ ಕಟ್ಟಿದ್ದು ನಿಮ್ಮ ತಂದೆಯವ್ರೇ ಅಲ್ವಾ ಅಯ್ಯಾ? ಕಟ್ಟಿದ ಮೇಲೆ ಹೆಣ್ಣು ಗಂಡು ಅಂತ ಭೇದ ಇಲ್ಲ ಅಂದಿದ್ರು. ಆವಾಗ ಇಲ್ದಿದ್ದು ಈ ಗುಂಡಿ ಹತ್ರ ಎಲ್ಲಿಂದ ಬಂತು?"

ಅಡ್ಡ ಹಿಡಿದಿದ್ದ ಅಯ್ಯನವರ ಕೈ ತಾನಾಗಿ ಇಳಿಯಿತು. ವಿಶಾಲಾಕ್ಷಮ್ಮ ಸೆರಗು ಸಿಕ್ಕಿಸಿ ಗುಂಡಿಗೆ ಇಳಿದರು. ಸೆಟೆದುಕೊಂಡಿದ್ದ ಮಣಿಕಟ್ಟನ್ನು ಉಜ್ಜಿ ಉಜ್ಜಿ ಒಳಕ್ಕೆ ಬಗ್ಗಿಸಿ, ಒಂದೊಂದೇ ಬೆರಳು ಬಿಡಿಸಿದರು. ಮುರಿದ ಬೆರಳೊಂದು ಜೋತಾಡುತ್ತಿತ್ತು. ಅದನ್ನು ಮೆಲ್ಲಗೆ ಸರಿಸಿ, ಮೇಲಕ್ಕೆ ಕೈ ಚಾಚಿದರು. ಲಿಂಗಪ್ಪ ಒಂದು ಗಳಿಗೆ ತಡೆದ. ಆಮೇಲೆ ಕಣ್ಣು ತಪ್ಪಿಸಿ ಲಿಂಗವನ್ನು ಅತ್ತಿಗೆಯ ಕೈಗಿಟ್ಟ.

ಮನೆಯ ಹಿತ್ತಿಲಲ್ಲಿ ಕಲ್ಲಮ್ಮ ಗುಂಡುಕಲ್ಲು ಇಟ್ಟುಕೊಂಡು ಕಾಯುತ್ತಿದ್ದರು. ಅವರ ಕಣ್ಣು ವಿಶಾಲಾಕ್ಷಮ್ಮನ ಕೈಬಳೆಗೆ ಮೆತ್ತಿದ್ದ ಕೆಂಪು ಮಣ್ಣಿನ ಮೇಲೆ ನಿಂತಿತು.

"ಒಳಗೇ ಇಳಿದ್ಯಾ?"

"ಹೂಂ ಅಕ್ಕಾ. ನಾನೇ ಇಟ್ಟೆ."

ಕಲ್ಲಮ್ಮ ತಮ್ಮ ಬೋಳು ಮಣಿಕಟ್ಟನ್ನು ಸವರಿಕೊಂಡರು. "ನಮ್ಮನೆಯವ್ರನ್ನ ಎತ್ಕೊಂಡು ಹೋಗುವಾಗ ನನ್ನನ್ನ ರೂಮಲ್ಲಿ ಹಿಡ್ಕೊಂಡಿದ್ರು ಕಣೇ. ಎಲ್ಲಿ ಮಣ್ಣು ಮಾಡಿದ್ರು ಅಂತ ನಂಗೆ ಇವತ್ತಿಗೂ ಗೊತ್ತಿಲ್ಲ."

ಕಲ್ಲನ್ನು ಕಾಲಲ್ಲಿ ಅತ್ತ ಸರಿಸಿ, ಚೊಂಬು ಎತ್ತಿಕೊಂಡರು.

"ಕೈ ಚಾಚು" ಎಂದು ನೀರು ಹುಯ್ದು, ಒಂದೂ ಒಡೆಯದ ಹಾಗೆ, ಬಳೆಗಳ ನಡುವಿನ ಮಣ್ಣನ್ನು ತೊಳೆಯತೊಡಗಿದರು.