ಐದು ಜನರಿಗೆ ಒಂದು ಕುಂಬಳಕಾಯಿ

ನಮ್ಮ ಕಡೆ ಹೆಣ್ಣು ಕೇಳಲು ಬಂದವರಿಗೆ ‘ಒಲ್ಲೆ’ ಎಂದು ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ. ಒಪ್ಪಿಗೆ ಇದ್ದರೆ ಹುಡುಗಿ ಕಸೂತಿಯ ವಸ್ತ್ರ ತಂದು ಬಂದವರ ಹೆಗಲಿಗೆ ಕಟ್ಟುತ್ತಾಳೆ. ಇಲ್ಲದಿದ್ದರೆ ಒಂದು ಕುಂಬಳಕಾಯಿ ತಂದು ಕೈಗಿಡುತ್ತಾಳೆ. ಅದನ್ನು ಹೊತ್ತುಕೊಂಡು ಊರವರ ಎದುರು ವಾಪಸು ನಡೆಯುವುದಿದೆಯಲ್ಲ, ಉಕ್ರೇನಿನ ಗಂಡಸಿಗೆ ಅದಕ್ಕಿಂತ ದೊಡ್ಡ ಅವಮಾನ ಇನ್ನೊಂದಿಲ್ಲ. ಮದುವೆ ಕುದುರಿಸುವ ಈ ಹಾಪ್ಕಾ, ಅಂದರೆ ನಾನು, ಹೆಣ್ಣು ಕೇಳಲು ಹೋದ ಯಾವ ಮನೆಯಿಂದಲೂ ಕುಂಬಳಕಾಯಿ ಹೊರಬಿದ್ದಿರಲಿಲ್ಲ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅನ್ನುತ್ತಾರೆ. ನಾನು ಅಷ್ಟು ದುಂದು ಮಾಡುವವಳಲ್ಲ, ಹತ್ತಿಪ್ಪತ್ತರಲ್ಲೇ ಮುಗಿಸಿದ್ದೇನೆ.

ಆದರೆ ಈಗಿನ ಯುದ್ಧದಲ್ಲಿ ಹೆಣ್ಣು ಕೇಳಲು ಹೋಗುವುದಾದರೂ ಹೇಗೆ? ದಾರಿಗೆ ಇಳಿದರೆ ಡ್ರೋನ್ ಬೆನ್ನು ಹತ್ತುತ್ತದೆ. ಸಮುದ್ರವನ್ನೇ ನೋಡದ ನಮ್ಮೂರ ರಸ್ತೆಗೆ ಆ ಡ್ರೋನ್ ಹಿಡಿಯಲೆಂದು ಮೀನಿನ ಬಲೆಯ ಚಪ್ಪರ ಹಾಕಿದ್ದಾರೆ. ಕೆಲವು ಡ್ರೋನ್‌ಗಳು ತಮ್ಮನ್ನು ನಡೆಸುವ ಗಾಜಿನ ದಾರ ಬಿಚ್ಚಿಕೊಳ್ಳುತ್ತಾ ಬರುತ್ತವೆ. ಅವು ಸಿಡಿದ ಮೇಲೂ ದಾರ ನಮ್ಮ ಹಿತ್ತಲಲ್ಲೇ ಬಿದ್ದಿರುತ್ತದೆ. ಅದರಲ್ಲಿ ಸಿಕ್ಕಿಕೊಂಡ ನನ್ನ ಕೋಳಿಗಳ ಕಾಲು ಬಿಡಿಸುವುದರಲ್ಲೇ ಬೆಳಗು ಕಳೆದುಹೋಗುತ್ತದೆ. ನಮ್ಮ ಬೀದಿ ನಾಯಿ ಕೂಡ ರಸ್ತೆ ದಾಟುವ ಮೊದಲು ಮೇಲೆ ನೋಡುತ್ತದೆ, ಮುಂಡೇದು, ನನಗಿಂತ ಹುಷಾರು.

ಇಂಥ ಕಾಲದಲ್ಲಿ ತಿಮಿಶ್‌ಗೆ ಮದುವೆಯ ಹಂಬಲ ಹುಟ್ಟಿತು. ಅವನು ಮೊದಲು ಟ್ರ್ಯಾಕ್ಟರ್ ಓಡಿಸುತ್ತಿದ್ದವನು, ಈಗ ಸೈನಿಕ. ವಸಂತದಲ್ಲಿ ಅವನ ತಂಡ ನಮ್ಮೂರಲ್ಲೇ ತಂಗಿತ್ತು. ಆಗ ಪಕ್ಕದ ಮನೆಯ ಮೆಲಾನಿಯಾ ಬೇಯಿಸಿದ ಬ್ರೆಡ್ಡು ತಿಂದು ಮನಸ್ಸು ಅಲ್ಲೇ ಬಿಟ್ಟು ನದಿ ದಾಟಿ ಹೋದ. ಆಮೇಲೆ ಸೇತುವೆ ಮುರಿಯಿತು. ಈಗ ಆಚೆ ದಡದ ಕಂದಕಕ್ಕೆ ನೀರು, ಬ್ರೆಡ್ಡು, ಬ್ಯಾಟರಿ ಎಲ್ಲವೂ ದೊಡ್ಡ ಡ್ರೋನ್ ಮೇಲೆಯೇ ಹೋಗಬೇಕು. ರಾತ್ರಿ ಬಾಂಬನ್ನೂ ಹಾಕುವ ಆರು ರೆಕ್ಕೆಯ ಆ ಯಂತ್ರಕ್ಕೆ ಶತ್ರುಗಳು ಹೆದರಿ ‘ಮುದಿ ಮಾಟಗಾತಿ’ ಎಂದು ಹೆಸರಿಟ್ಟಿದ್ದಾರಂತೆ. ಹಳೇ ದನದ ಕೊಟ್ಟಿಗೆಯಿಂದ ಅದನ್ನು ಹಾರಿಸುವವನು ಒರೆಸ್ಟ್. ನಾನು ಕೂಡಿಸಿದ ಮದುವೆಗಳಿಗೆಲ್ಲ ಅಕಾರ್ಡಿಯನ್ ನುಡಿಸಿದವನು ಅವನೇ. ‘ಮುದಿ ಮಾಟಗಾತಿ’ ಎನ್ನುವಾಗ ಅವನು ನನ್ನ ಮುಖವನ್ನೇ ನೋಡುತ್ತಾನೆ, ಅದು ನನಗೆ ಸೇರುವುದಿಲ್ಲ.

ಒಂದು ದಿನ ಒರೆಸ್ಟ್ ರೇಡಿಯೊವನ್ನು ನನ್ನ ಕಿವಿಗೆ ಹಿಡಿದ. ತಿಮಿಶ್‌ನ ದನಿ.

“ಹಾಪ್ಕಜ್ಜಿ, ನನ್ನ ಪರವಾಗಿ ಮೆಲಾನಿಯಾನ ಕೇಳ್ತೀರಾ?”

“ಏನಪ್ಪಾ ಅವಸರ? ಯುದ್ಧ ಮುಗೀಲಿ.”

“ಇಲ್ಲಿ ನಾವೆಲ್ಲ ಇಲಿ ಥರ ಬದುಕ್ತಿದೀವಿ ಅಜ್ಜಿ. ಒಂದೊಂದ್ಸಲ ಎದ್ದು ನಿಂತ್ಬಿಡೋಣ, ಆಗಿದ್ದಾಗ್ಲಿ ಅನ್ಸುತ್ತೆ. ಅವ್ಳು ಹೂಂ ಅಂದ್ರೆ ಹಾಗನ್ಸಲ್ಲ.”

ಹೆಣ್ಣು ಒಲ್ಲೆ ಎಂದರೆ ಗಂಡಸರು ಎರಡು ದಿನ ಕುಡಿದು ಸುಮ್ಮನಾಗುವುದನ್ನು ನೋಡಿದ್ದೇನೆ. ಇವನು ಕಂದಕದಲ್ಲಿ ಎದ್ದು ನಿಂತರೆ ಶತ್ರುಗಳ ಕಣ್ಣಿಗೆ ಬಿದ್ದು ಮುಗಿಯಿತು.

ಅವತ್ತೇ ಮೆಲಾನಿಯಾಳ ಮನೆಗೆ ಹೋದೆ. ಅವಳ ಗಂಡ ಯುಖಿಮ್ ಈ ಯುದ್ಧದ ಮೊದಲ ವರ್ಷವೇ ತೀರಿಕೊಂಡಿದ್ದ. ಹಿಟ್ಟು ನಾದುತ್ತಿದ್ದವಳು ನನ್ನ ಸುಳ್ಳುಗಳನ್ನೆಲ್ಲ ಕೇಳಿ ಮುಗಿಸಿ ಕೈ ಒರೆಸಿಕೊಂಡು ನೆಲಮಾಳಿಗೆಗೆ ಇಳಿದಳು. ಮೇಲೆ ಬಂದಾಗ ತೋಳಿನಲ್ಲಿ ಹಸುವಿನ ತಲೆಯಷ್ಟು ದಪ್ಪನೆಯ ಕುಂಬಳಕಾಯಿ ಇತ್ತು.

“ಅಯ್ಯೋ, ಚಿಕ್ಕದಾದ್ರೂ ಸಿಗ್ಲಿಲ್ವೇನೇ?” ಎಂದೆ.

“ನಿಮ್ಮ ಕೈಗೆ ಕೊಡಲ್ಲ. ನೀವು ದಾರೀಲೇ ಪಾಯಸ ಮಾಡ್ಕೊಂಡು ತಿಂದು, ಒಪ್ಕೊಂಡ್ಳು ಅಂತ ಹೇಳ್ಬಿಡ್ತೀರ. ಅವನಿಗೇ ಕಳಿಸ್ತೀನಿ.”

“ಅವನಲ್ಲಿ ಏನು ಕೊರತೆ?”

“ಏನೂ ಇಲ್ಲ. ಅದಕ್ಕೇ. ಇನ್ನೊಂದ್ಸಲ ವಿಧವೆ ಆಗೋ ಶಕ್ತಿ ನಂಗಿಲ್ಲ ಅಜ್ಜಿ.”

ಸಂಜೆಗತ್ತಲಿಗೆ ಬ್ರೆಡ್ಡಿನ ಚೀಲದ ಜಾಗದಲ್ಲಿ ಕುಂಬಳಕಾಯಿ ಡ್ರೋನ್ ಕೆಳಗೆ ನೇತಾಡುತ್ತಿತ್ತು. ಒರೆಸ್ಟ್ ನನ್ನನ್ನು ನೋಡಿದ, ನಾನು ಅವನನ್ನು ನೋಡಿದೆ. ಹಗ್ಗ ಬಿಚ್ಚಿಬಿಡು ಎಂದು ಕಣ್ಸನ್ನೆ ಮಾಡಿದೆ. ಮೆಲಾನಿಯಾ ನಮ್ಮಿಬ್ಬರ ನಡುವೆ ಸ್ಟೂಲು ಹಾಕಿಕೊಂಡು ಕೂತುಬಿಟ್ಟಳು. ಡ್ರೋನ್ ಎದ್ದು ಹೋಯಿತು. ಒರೆಸ್ಟ್‌ನ ಪರದೆ ಬಿಸಿಯಿದ್ದದ್ದನ್ನು ಬೆಳ್ಳಗೆ, ತಣ್ಣಗಿದ್ದದ್ದನ್ನು ಕಪ್ಪಗೆ ತೋರಿಸುತ್ತದೆ. ನದಿ ಕಪ್ಪಗೆ ಹಿಂದೆ ಸರಿಯಿತು.

ಅಷ್ಟರಲ್ಲಿ ಪರದೆಯ ತುಂಬಾ ಚುಕ್ಕಿ. ಶತ್ರುಗಳು ಸಂಪರ್ಕ ಕೆಡಿಸಿದ್ದರು.

“ದಾರಿ ತಪ್ತು! ಎಲ್ಲಿದೀನೋ ಗೊತ್ತಾಗ್ತಿಲ್ಲ,” ಎಂದು ಒರೆಸ್ಟ್ ಕೂಗಿದ. “ಭಾರ ಇಳಿಸದಿದ್ರೆ ಡ್ರೋನೇ ಹೋಗುತ್ತೆ.”

“ಇಳಿಸು!” ಎಂದೆ. ದೇವರಾಣೆ, ಹೇಳಲು ಅಷ್ಟು ಖುಷಿಯಾದ ಮಾತು ಇನ್ನೊಂದಿಲ್ಲ.

“ಬೇಡ, ಕೆಳಗೆ ಅವ್ನಿದ್ರೆ?” ಎಂದು ಮೆಲಾನಿಯಾ ನನ್ನ ತೋಳು ಹಿಂಡಿದಳು. ಅಷ್ಟು ಹೊತ್ತಿಗೆ ಒರೆಸ್ಟ್ ಗುಂಡಿ ಒತ್ತಿ ಆಗಿತ್ತು.

ಚಿತ್ರ ಮರಳಿ ಬಂದಾಗ ಕೆಳಗೆ ಕಂಡದ್ದು ನಮ್ಮ ಕಂದಕ ಅಲ್ಲ, ಅದರ ಎದುರಿನ ಶತ್ರುಗಳದ್ದು. ಬಾಂಬು ಸಿಡಿದರೆ ಏನು ಮಾಡಬೇಕೆಂದು ಸೈನಿಕರಿಗೆ ಕಲಿಸಿರುತ್ತಾರೆ. ಮಾಟಗಾತಿ ತಲೆಮೇಲೆ ಬಂದು, ಧೊಪ್ಪನೆ ಏನೋ ಬಿದ್ದು, ಸಿಡಿಯದೆ ಬರೀ ಲೋಳೆ ಎರಚಿದರೆ ಏನು ಮಾಡಬೇಕೆಂದು ಯಾವ ಸೈನ್ಯದಲ್ಲೂ ಕಲಿಸುವುದಿಲ್ಲ. ವಿಷವೋ ಏನೋ ಎಂದು ಐದು ಜನ ಬಿದ್ದಂಬೀಳ ಹೊರಗೋಡಿದರು. ಕೊನೆಯವನು ಬರಿಗಾಲಲ್ಲಿದ್ದ, ಅವನ ಅಂಗಾಲು ಬೆಳ್ಳಗೆ ಹೊಳೆಯುತ್ತಿತ್ತು. ಕೈಯಲ್ಲಿ ಅದಕ್ಕಿಂತ ಬೆಳ್ಳಗೆ ಒಂದು ಬಟ್ಟಲು. ಓಡುವಾಗಲೂ ಅವನು ಅದನ್ನು ಚೆಲ್ಲಲಿಲ್ಲ.

ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಮೆಲಾನಿಯಾ ನಗಲಿಲ್ಲ. “ಊಟಕ್ಕೆ ಕೂತಿದ್ದ ಅನ್ಸುತ್ತೆ,” ಎಂದಳು, ಅಷ್ಟೇ. ನನ್ನ ನಗು ಅಲ್ಲೇ ನಿಂತಿತು.

ರೇಡಿಯೊ ಕಿರುಗುಟ್ಟಿತು. ತಿಮಿಶ್ ನಗುತ್ತಿದ್ದ. “ಒರೆಸ್ಟ್! ಏನಯ್ಯಾ ಹಾಕ್ದೆ? ಎಲ್ರೂ ಕಾಡಿಗೆ ಓಡಿದ್ರು! ಹೊಸ ಬಾಂಬಾ?”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುವ ಹಾಗೆ ಒರೆಸ್ಟ್ ತಡವರಿಸಿದ. “ನಾನಲ್ಲ, ನಾನು ಗಂಟು ಕೂಡ ಕಟ್ಲಿಲ್ಲ, ಕುಂಬಳಕಾಯಿನ ಅವಳೇ...”

ಆಚೆ ಕಡೆ ನಗು ತಟ್ಟನೆ ನಿಂತಿತು. ಆ ಪದ ಕೇಳಿದರೆ ಅರ್ಥ ಕೇಳುವ ಗಂಡಸು ನಮ್ಮ ದೇಶದಲ್ಲಿಲ್ಲ.

“ಯಾರಿಗೆ ಕಳಿಸಿದ್ದು ಅದು?” ಎಂದ ತಿಮಿಶ್ ಮೆಲ್ಲಗೆ.

ನಾನು ರೇಡಿಯೊ ಕಿತ್ತುಕೊಂಡೆ. “ನೋಡಪ್ಪಾ, ಪದ್ಧತಿ ಅಂದ್ರೆ ಪದ್ಧತಿ. ಕುಂಬಳಕಾಯಿ ಯಾರ ಕೈ ಸೇರುತ್ತೋ ಅವರಿಗೆ ಲೆಕ್ಕ. ಮೆಲಾನಿಯಾ ಆ ಐದೂ ಜನಾನ ಒಲ್ಲೆ ಅಂದಿದಾಳೆ. ನಿನ್ನ ಮಾತು ಇನ್ನೂ ಎತ್ತೇ ಇಲ್ಲ!”

“ಅಜ್ಜೀ, ಶತ್ರುಗಳು ಕೇಳಿಸ್ಕೋತಾರೆ,” ಎಂದು ಒರೆಸ್ಟ್ ನರಳಿದ.

“ಕೇಳಿಸ್ಕೊಳ್ಲಿ. ಅವರಿಗೂ ವಿಷಯ ಗೊತ್ತಾಗ್ಬೇಕಲ್ಲ.”

ತಿಮಿಶ್ ನಗಲಿಲ್ಲ. “ಸುಳ್ಳು ಸಾಕು ಅಜ್ಜಿ. ಅವ್ಳ ಉತ್ತರ ಗೊತ್ತಾಯ್ತು. ಹೊರಗೆ ತಂಪಾಗಿದೆ, ಸ್ವಲ್ಪ ಗಾಳಿಗೆ ಹೋಗ್ತೀನಿ.”

ನನ್ನ ಬಳಿ ಸುಳ್ಳು ಖಾಲಿಯಾಗಿತ್ತು. ಮೆಲಾನಿಯಾ ನನ್ನ ಕೈಯಿಂದ ರೇಡಿಯೊ ಕಸಿದುಕೊಂಡಳು.

“ಏಯ್! ಎದ್ದು ನಿಂತಿದೀಯಾ?”

ಅವಳು ರೇಡಿಯೊವನ್ನು ಬಾಯಿಗೆ ಇನ್ನೂ ಹತ್ತಿರ ಹಿಡಿದಳು.

“ನಿನ್ನನ್ನೇ ಕೇಳ್ತಿರೋದು! ಕೂತ್ಕೋ! ತಲೆ ತಗ್ಗಿಸು!” ಅವಳ ದನಿಗೆ ಕೊಟ್ಟಿಗೆಯ ಮಾಡಿನ ಪಾರಿವಾಳಗಳು ಎದ್ದವು. “ಅದನ್ನ ನಿಂಗೇ ಕಳಿಸಿದ್ದು. ಕಳಿಸ್ಬಿಟ್ರೆ ಭಯ ತಪ್ಪುತ್ತೆ ಅಂದ್ಕೊಂಡೆ. ಪರದೆ ಮಸುಕಾಯ್ತು ನೋಡು, ಜೀವ ಬಾಯಿಗೆ ಬಂತು. ಒಲ್ಲೆ ಅಂದ್ರೂ ನಿಂಗೋಸ್ಕರ ಅಳೋದು ತಪ್ಪಲ್ಲ ಅಂದ್ಮೇಲೆ, ಹೆಂಡ್ತಿ ಅನ್ನಿಸ್ಕೊಂಡೇ ಅಳ್ತೀನಿ. ಕೇಳಿಸ್ತಾ?”

ರೇಡಿಯೊದಲ್ಲಿ ಬರೀ ಗರಗರ. ಒರೆಸ್ಟ್ ಗುಂಡಿ ತಿರುಗಿಸಿದ, ತಟ್ಟಿದ. ನನಗೆ ಗೊತ್ತಿದ್ದ ಸಂತರನ್ನೆಲ್ಲ ನಾನು ಕರೆದೆ. ಮೆಲಾನಿಯಾಳ ಮುಖ ಹಿಟ್ಟಿನ ಬಣ್ಣಕ್ಕೆ ತಿರುಗಿತ್ತು.

ಕೊನೆಗೆ ಯಾವುದೋ ಬೇರೆ ದನಿ ಬಂತು, ಅವನ ಜೊತೆಗಾರನದ್ದು.

“ಸ್ವಲ್ಪ ತಡೀರಿ ಅಕ್ಕ. ಅವ್ನಿಗೆ ಈಗ ಮಾತಾಡಕ್ಕಾಗ್ತಿಲ್ಲ. ಆದ್ರೆ ಕೂತಿದಾನೆ. ನೀವು ಹೇಳಿದ ಹಾಗೇ ತಲೆ ತಗ್ಗಿಸ್ಕೊಂಡು ಕೂತಿದಾನೆ.”